ಒಂದೇ ಕೈ ಗಾಡಿ

೨೦೨೨ನೇ ಇಸವಿ, ಮಾರ್ಚ್ ಒಂಬತ್ತು, ಬುಧವಾರ. ಬೆಳಗಿನಿಂದಲೇ ಬಿಸಿಲು. ಗಾಳಿ ಇಲ್ಲ, ಒಂದು ತುಂಡು ಮೋಡವೂ ಇಲ್ಲ.

ಆ ದಿನ ಹಾಲವ್ವ ಮಗನನ್ನು ಕಾರು ತರಲು ಕಳಿಸಿದಳು.

ಮಗನ ಹೆಸರು ಕೋಟ್ರೇಶಿ. ಮೂವತ್ತೆರಡು ವರ್ಷ. ಸ್ಟೇರಿಂಗ್ ಹಿಡಿದರೆ ಅವನಂಥ ಡ್ರೈವರ್ ಇಲ್ಲ. ಮಂಡಕ್ಕಿ ಭಟ್ಟಿಯ ಲಾರಿಯನ್ನು ಓಣಿಯೊಳಗೆ ಹಿಂದು ಹಿಂದಾಗಿ ತಂದು ನಿಲ್ಲಿಸುತ್ತಿದ್ದ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹಾಲಿನ ಮೇಲೆ ಒಂದು ಕಣ್ಣಿಟ್ಟಿರು ಎಂದರೆ ಇನ್ನೊಂದು ಕಣ್ಣನ್ನು ಕೈಯಿಂದ ಮುಚ್ಚಿಕೊಂಡು ಒಲೆಯ ಮುಂದೆ ಕೂರುವವನು. ಬೈದರೆ ಬೇಸರವಿಲ್ಲ. "ಆಗಲವ್ವ, ಇನ್ನು ಮೇಲೆ ಹಾಗೇ ಮಾಡ್ತೀನಿ" ಅನ್ನುತ್ತಿದ್ದ. ಹಾಗೇ ಮಾಡುತ್ತಿದ್ದ.

ಇಂಥವನನ್ನು ಯಾಕೆ ಕಳಿಸಿದಳು ಅಂದರೆ, ಬೇರೆ ಯಾರೂ ಇರಲಿಲ್ಲ. ಗಂಡ ಬಕ್ಕಪ್ಪನ ಎರಡು ಕಿಡ್ನಿಯೂ ಕೆಟ್ಟಿದ್ದವು. ಮಂಗಳವಾರಕ್ಕೊಮ್ಮೆ, ಶುಕ್ರವಾರಕ್ಕೊಮ್ಮೆ ನಲವತ್ತು ಕಿಲೋಮೀಟರ್ ದೂರದ ದಾವಣಗೆರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಕೂತು ಹೋಗುವ ಶಕ್ತಿ ಅವನಿಗಿಲ್ಲ. ಹಿಂದಿನ ಸೀಟು ಮಡಚಿ ಮಲಗಿಸಬೇಕು, ಪಕ್ಕದಲ್ಲಿ ಒಬ್ಬರು ಕೂರಬೇಕು. ಇಷ್ಟು ದಿನ ಮೌಲಾಸಾಬನ ಬಾಡಿಗೆ ಗಾಡಿ ಇತ್ತು. ಆದರೆ ಅದು ಹೊಸ ಗಾಡಿ ಸಿಗದ ವರ್ಷ; ಹಳೇ ಗಾಡಿಗೆ ಹೊಸದರ ಬೆಲೆ ಬಂದ ವರ್ಷ. ಒಳ್ಳೇ ರೇಟು ಬಂತು ಅಂತ ಮೌಲಾಸಾಬನೂ ಮಾರಿಬಿಟ್ಟ. ಒಂದು ಸಲ ತಪ್ಪಿದರೆ ಹೇಗೋ ನೋಡೋಣ, ಎರಡು ಸಲ ತಪ್ಪಿದರೆ ನನ್ನನ್ನು ಕೇಳಬೇಡಿ ಎಂದು ಡಾಕ್ಟರು ಹೇಳಿದ್ದರು.

ಹಾಲವ್ವ ಚೀಟಿ ಎತ್ತಿದಳು. ಹೊಸ ಗಾಡಿಯ ಮುಂಗಡಕ್ಕೆ ಸಾಲುವಷ್ಟು, ಎರಡು ಲಕ್ಷ. ಅದನ್ನು ಬಟ್ಟೆಯಲ್ಲಿ ಸುತ್ತಿ, ಹೊಲಿದು, ಮಗನ ಸೊಂಟಕ್ಕೆ ಕಟ್ಟಿದಳು. ಏಳು ಸೀಟಿನದು ಬೇಕು, ನಡುದಾರಿಯಲ್ಲಿ ಕೈಕೊಡಬಾರದು, ನಮ್ಮ ಕೈಗೆ ಎಟುಕಬೇಕು ಎಂದಳು. "ಶೋರೂಮಿನೋರು ಹೆಂಗೆ ಹೇಳ್ತಾರೋ ಹಂಗೆ ಕೇಳು."

ಕೋಟ್ರೇಶಿ ದಾವಣಗೆರೆಗೆ ಹೋದ. ಶೋರೂಮಿನ ಹುಡುಗಿ ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಇದಕ್ಕೆ ತುಂಬಾ ಡಿಮ್ಯಾಂಡ್ ಸರ್, ಎಂಟು ತಿಂಗಳು ಕಾಯಬೇಕಾಗುತ್ತೆ ಎಂದಳು. ಎಲ್ಲಿ ಕಾಯಬೇಕು ಎಂದು ಇವನು ಕೇಳಿದ. ಅವಳು ಮೂಲೆಯ ಸೋಫಾ ತೋರಿಸಿ, ಫೋನು ಬಂತೆಂದು ಒಳಗೆ ಹೋದಳು.

ಕೋಟ್ರೇಶಿ ಹೋಗಿ ಕೂತ. ಅಲ್ಲಿ ಆಗಲೇ ಒಬ್ಬ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಅಂಗಿಯ ಭುಜದ ಮೇಲೆ ಬೆರಳಲ್ಲಿ ಬರೆಯಬಹುದಾದಷ್ಟು ಧೂಳು. ನೀವು ಎಷ್ಟು ತಿಂಗಳಿಂದ ಎಂದು ಇವನು ಕೇಳಿದ. ಅವನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.

ಗುರುವಾರ ಮಧ್ಯಾಹ್ನ ಹಾಲವ್ವ ಬಸ್ಸು ಹತ್ತಿ ಹುಡುಕಿಕೊಂಡು ಬಂದಳು. ಮಗ ಕೈ ಕಟ್ಟಿಕೊಂಡು ಸೋಫಾದ ಮೇಲೆ ಕೂತಿದ್ದ. ಎದ್ದು, ಪಕ್ಕಕ್ಕೆ ತಿರುಗಿ, "ಬರ್ತೀನಿ ಯಜಮಾನ್ರೇ" ಅಂದ. ಪಕ್ಕದಲ್ಲಿ ಯಾರೂ ಇರಲಿಲ್ಲ.

ದಾರಿಯುದ್ದಕ್ಕೂ ಬೈದಳು. ಕಾಯಬೇಕು ಅಂದರೆ ಕೂತು ಕಾಯೋದೇನಲೇ, ಎಂಟು ತಿಂಗಳು ನಿಮ್ಮಪ್ಪ ಇರ್ತಾನೇನಲೇ ಎಂದಳು. ಶುಕ್ರವಾರ ಬಕ್ಕಪ್ಪನನ್ನು ಹಿಂಡಿ ಸಾಗಿಸುವ ಟೆಂಪೋದಲ್ಲಿ, ಚೀಲಗಳ ಮೇಲೆ ಮಲಗಿಸಿ ಕರೆದೊಯ್ದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ತುಟಿ ನೀಲಿಯಾಗಿತ್ತು. ಇನ್ನೊಂದು ಸಲ ಹೀಗೆ ತಂದರೆ ಇಲ್ಲಿವರೆಗೂ ಬರೋದಿಲ್ಲಮ್ಮ ಎಂದಳು ನರ್ಸು. ಮುಂದಿನ ಸರದಿ ಮಂಗಳವಾರ.

ಶುಕ್ರವಾರದಿಂದ ನಾಲ್ಕು ದಿನ ಹೆದ್ದಾರಿ ಪಕ್ಕದಲ್ಲಿ ಹಳೇ ಗಾಡಿಗಳ ಸಂತೆ ನೆರೆಯುತ್ತಿತ್ತು. ಶನಿವಾರ ಬೆಳಿಗ್ಗೆ, ಅಲ್ಲಿಗೆ ಹೋಗು ಎಂದಳು ಹಾಲವ್ವ. ಅವರು ಎಷ್ಟೇ ಹೇಳಲಿ, ನೀನು ಅರ್ಧ ಕೇಳು. ಕೂತು ಕಾಯಬ್ಯಾಡ.

"ಆಗಲವ್ವ, ಹಾಗೇ ಮಾಡ್ತೀನಿ."

ಅದು ಹಿಂದೆ ದನದ ಸಂತೆಯ ಬಯಲು. ಈಗ ದನ ಬರುವುದಿಲ್ಲ. ಗೂಟಗಳು ಮಾತ್ರ ಹಾಗೇ ಇವೆ. ಗೂಟಕ್ಕೊಂದರಂತೆ ಗಾಡಿ ನಿಲ್ಲಿಸುತ್ತಾರೆ. ಕೋಟ್ರೇಶಿ ಕೂರಲಿಲ್ಲ. ಮೊದಲನೇ ಸಾಲಿನಲ್ಲಿ ಬೂದು ಬಣ್ಣದ ದೊಡ್ಡ ಗಾಡಿ ಕಂಡಿತು. ಆರು ಲಕ್ಷ ಎಂದರು. ಅರ್ಧ ಕೊಡಿ ಎಂದ. ಮೂರಕ್ಕೆ ಯಾರಪ್ಪಾ ಕೊಡ್ತಾರೆ ಎಂದು ದಲ್ಲಾಳಿ ನಕ್ಕ. ಮೂರಲ್ಲ, ಅರ್ಧ ಗಾಡಿ, ಹಿಂದಿನ ಅರ್ಧ ಆದರೆ ಒಳ್ಳೇದು, ನಮ್ಮಪ್ಪ ಮಲಗೋದು ಹಿಂದೆ ಎಂದ ಇವನು.

ಜನ ಸೇರಿ ನಕ್ಕರು. ಅದೇ ಸಾಲಿನ ಕೊನೆಯಲ್ಲಿದ್ದ ಒಬ್ಬ ಮುದುಕ ನಗಲಿಲ್ಲ. ಹತ್ತಿರ ಬಂದು, ದನಿ ತಗ್ಗಿಸಿ, ಬೇಸರದಿಂದಲೇ ಹೇಳಿದ: "ಹಿಂದಿನ ಅರ್ಧ ನಿನ್ನೆ ಹೋಯ್ತಲ್ಲ ತಮ್ಮಾ. ಒಂದಿನ ಮೊದಲು ಬರಬಾರದಿತ್ತಾ?"

ಇದನ್ನು ಕೋಟ್ರೇಶಿ ಮನೆಗೆ ಬಂದು ಹೇಳಿದ. ಹಾಲವ್ವ ಹಣೆ ಹಣೆ ಬಡಿದುಕೊಂಡಳು. ನಿನ್ನ ಹೆತ್ತು ನಾನು ಕೆಟ್ಟೆ ಎಂದಳು. ಒಳಗಿನಿಂದ ಬಕ್ಕಪ್ಪ, ಬೈಬ್ಯಾಡ ಬಿಡೇ, ಅರ್ಧ ಗಾಡಿ ಸಾಕು ನನಗೆ, ಹೋಗೋದಷ್ಟೇ, ಬರೋದು ಇಲ್ಲ ಅಂದ. ಅದು ಅವನು ಆ ವಾರ ಆಡಿದ ಒಂದೇ ತಮಾಷೆ. ಹಾಲವ್ವನಿಗೆ ನಗು ಬರಲಿಲ್ಲ.

ರೊಟ್ಟಿ ತಟ್ಟುತ್ತ ತಟ್ಟುತ್ತ ಮಗನಿಗೆ ಮತ್ತೆ ಹೇಳಿಕೊಟ್ಟಳು. ಇಡೀ ಗಾಡಿ ನೋಡು. ಬಾನೆಟ್ಟಿಗೆ ಕಿವಿ ಕೊಟ್ಟು ಎಂಜಿನ್ ಏನು ಹೇಳ್ತದೆ ಕೇಳು. ಮಾಲೀಕ ಸುಳ್ಳು ಹೇಳ್ತಾನೆ, ಎಂಜಿನ್ ಹೇಳಲ್ಲ. ನಾಲ್ಕಾರು ಕೈ ದಾಟಿ ಬಂದದ್ದು ನೆಚ್ಚಿಕೆಯಲ್ಲ. "ಒಂದೇ ಕೈ ಗಾಡಿ ಸಿಕ್ಕರೆ ನೋಡು. ಸಿಕ್ಕರೆ ನನ್ನ ಕೇಳದೆ ಮುಗಿಸಬ್ಯಾಡ."

ಹೊಸದರಿಂದ ಒಬ್ಬನೇ ಮಾಲೀಕನ ಹತ್ತಿರ ಓಡಿದ ಗಾಡಿಗೆ ಆ ಕಡೆ ಒಂದೇ ಕೈ ಗಾಡಿ ಅನ್ನುತ್ತಾರೆ. ಅದು ನಿಮಗೆ ಗೊತ್ತು, ನನಗೆ ಗೊತ್ತು.

ಭಾನುವಾರ ಕೋಟ್ರೇಶಿ ಗಾಡಿ ನೋಡಲಿಲ್ಲ, ಕೈ ನೋಡಿದ. ಒಂದು ಸಾಲು ಮುಗಿಸಿದ, ಎಲ್ಲರಿಗೂ ಎರಡು ಕೈ. ಎರಡನೇ ಸಾಲು ಮುಗಿಸಿದ, ಎಲ್ಲರಿಗೂ ಎರಡು ಕೈ. ಜೇಬಿನಲ್ಲಿ ಕೈ ಇಟ್ಟವರಿಗೆ ಹೊರಗೆ ತೆಗೀರಿ ಸ್ವಾಮಿ ಎಂದ. ಮಧ್ಯಾಹ್ನ ಹನ್ನೆರಡು ದಾಟಿತು. ನೆತ್ತಿಯ ಮೇಲೆ ಸೂರ್ಯ. ಬಯಲಿನ ತುದಿಗೆ, ಗೂಟಗಳೂ ಮುಗಿದ ಮೇಲೆ, ಒಂದು ಬಿಳಿ ಗಾಡಿ ಒಂಟಿಯಾಗಿ ನಿಂತಿತ್ತು. ಏಳು ಸೀಟಿನದು. ಅಷ್ಟು ಧೂಳಿನ ಬಯಲಿನಲ್ಲಿ ಅದರ ಮೇಲೆ ಧೂಳಿರಲಿಲ್ಲ. ಪಕ್ಕದಲ್ಲಿ ಒಬ್ಬ ನಿಂತಿದ್ದ. ಅವನ ಬಲದ ತೋಳು ಮೊಣಕೈಗೆ ಮುಗಿದಿತ್ತು.

ಕೋಟ್ರೇಶಿಗೆ ಸಂತೋಷವಾಯಿತು. ಒಂದೇ ಕೈನಾ ಎಂದು ಕೇಳಿದ. ಒಂದೇ ಎಂದ ಅವನು. ಇನ್ನೊಂದು ಎಲ್ಲಿ ಹೋಯಿತು ಎಂದು ಕೇಳಿದ.

"ನಾನೂ ಒಂದು ಕಾಲಕ್ಕೆ ಕೊಳ್ಳೋಕೆ ಬಂದೋನೇ ತಮ್ಮಾ," ಎಂದ ಅವನು.

ಕೋಟ್ರೇಶಿ ಬಾನೆಟ್ಟಿಗೆ ಕಿವಿ ಕೊಟ್ಟ. ಎಂಜಿನ್ ಚಾಲೂ ಮಾಡಲೇ ಎಂದು ಅವನೂ ಕೇಳಲಿಲ್ಲ, ಮಾಡಿ ಎಂದು ಇವನೂ ಹೇಳಲಿಲ್ಲ. ಸುಮಾರು ಹೊತ್ತು ಕೇಳಿಸಿಕೊಂಡ. ತಲೆಯಾಡಿಸಿದ. ಆಮೇಲೆ ಬೆಲೆ ಕೇಳಿದ.

ದನದ ಸಂತೆಯ ಪದ್ಧತಿ ಅಲ್ಲಿ ಇನ್ನೂ ಹೋಗಿಲ್ಲ. ಬೆಲೆ ಬಾಯಲ್ಲಿ ಹೇಳುವುದಿಲ್ಲ. ಟವಲಿನ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೋ ಅಷ್ಟು ಲಕ್ಷ. ಆ ಮನುಷ್ಯ ಹೆಗಲ ಟವಲು ತೆಗೆದು ತನ್ನ ಮೊಂಡು ತೋಳಿನ ಮೇಲೆ ಇಳಿಬಿಟ್ಟ. ಕೋಟ್ರೇಶಿ ಕೆಳಗಿನಿಂದ ಕೈ ಹಾಕಿದ. ಒಳಗೆ ತಣ್ಣಗಿತ್ತು. ಒಳಗಿನಿಂದ ಅವನ ನಾಲ್ಕು ಬೆರಳುಗಳನ್ನು ಯಾರೋ ಒಂದೊಂದಾಗಿ ಮುಟ್ಟಿ, ಒಟ್ಟಿಗೆ ಹಿಡಿದರು.

ಆ ಮನುಷ್ಯನಿಗೆ ಇದ್ದ ಒಂದು ಕೈ ಗಾಡಿಯ ಬಾಗಿಲ ಮೇಲಿತ್ತು. ಎಲ್ಲರಿಗೂ ಕಾಣುವಂತಿತ್ತು. ಹಾಗಾದರೆ ಒಳಗೆ ಬೆರಳು ಹಿಡಿದವರು ಯಾರು? ಕೋಟ್ರೇಶಿ ಕೇಳಲಿಲ್ಲ. ಅದನ್ನು ಕೇಳು ಎಂದು ಅವ್ವ ಹೇಳಿರಲಿಲ್ಲ.

ಮನೆಗೆ ಬಂದು, ಸಿಕ್ಕಿತವ್ವ ಎಂದ. ಒಂದೇ ಕೈ ಗಾಡಿ. ಹಾಲವ್ವನಿಗೆ ನಂಬಿಕೆ ಬರಲಿಲ್ಲ. ಸರಿಯಾಗಿ ನೋಡಿದೆಯಾ, ಈಗಿನ ಕಾಲದಲ್ಲಿ ಒಂದೇ ಕೈಯವು ಎಲ್ಲಿವೆ ಎಂದಳು.

"ಕಣ್ಣಾರೆ ನೋಡೀನವ್ವ. ಒಂದೇ. ಆದರೆ ಟವಲಿನೊಳಗೆ ಬಾಳ ಕೈ ಅದಾವೆ."

ಏನೋ ಬಡಬಡಿಸುತ್ತಾನೆ ಎಂದುಕೊಂಡಳು ಹಾಲವ್ವ. ಎಂಜಿನ್ ಹೇಗಿದೆ ಎಂದು ಕೇಳಿದಳು.

"ಚೆನ್ನಾಗಿ ಮಾತಾಡ್ತು. ಮಂಗಳವಾರ ಬೆಳಿಗ್ಗೆ ಆರಕ್ಕೆ ಹೊರಡೋಣ, ಅಪ್ಪನಿಗೆ ಎರಡು ದಿಂಬು ಇಟ್ಟುಕೋ ಅಂತು."

ಹಾಲವ್ವನ ಕೈಯ ರೊಟ್ಟಿ ಕೈಯಲ್ಲೇ ನಿಂತಿತು. ಹಂಚು ಹೊಗೆಯಾಡಿತು. ಅಪ್ಪನ ವಿಷಯ ಆ ಮನುಷ್ಯನಿಗೆ ಹೇಳಿದ್ದೆಯಾ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ಹೇಳು ಅಂತ ನೀನು ಅಂದಿರಲಿಲ್ಲ ಎಂದ ಮಗ.

ಅವಳು ಇನ್ನೊಂದು ಮಾತು ಕೇಳಬಹುದಿತ್ತು. ಒಳಗೆ ಬಕ್ಕಪ್ಪ ಉಸಿರೆಳೆಯುವುದು ಅಡುಗೆಮನೆಯವರೆಗೂ ಕೇಳುತ್ತಿತ್ತು. ನಾಳೆ ಸೋಮವಾರ, ನಾಡಿದ್ದು ಮಂಗಳವಾರ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಎಷ್ಟು ಕೇಳಿದ ಎಂದಳು.

"ನಾಲ್ಕು ಬೆರಳು."

ಹಾಲವ್ವನ ಅಪ್ಪ ಎತ್ತಿನ ವ್ಯಾಪಾರ ಮಾಡಿದವನು. ಬೆರಳಿನ ಲೆಕ್ಕ ಅವಳಿಗೆ ಹುಟ್ಟಿನಿಂದ ಗೊತ್ತು. ನಾಲ್ಕು ಆಗೋದಿಲ್ಲ ಎಂದಳು. ಇರೋದೇ ಎರಡು. ಮಗನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು, ಮಗುವಿಗೆ ಹೇಳುವಂತೆ ಹೇಳಿದಳು. "ಎಷ್ಟೇ ಎಳೆದಾಡಲಿ, ಸೋಲಬ್ಯಾಡ. ಎರಡು ಬೆರಳು ಕೊಡು, ಗಾಡಿ ತಗೊಂಡು ಬಾ. ಅದರ ಮೇಲೆ ಒಂದು ಉಗುರು ಕೂಡ ಹೆಚ್ಚಿಗೆ ಕೊಡಬ್ಯಾಡ."

"ಆಗಲವ್ವ, ಹಾಗೇ ಮಾಡ್ತೀನಿ."

ಸೋಮವಾರ ಹೊತ್ತು ಇಳಿಯುವ ಮುಂಚೆ ಬಿಳಿ ಗಾಡಿ ಓಣಿಗೆ ಬಂತು. ಸದ್ದು ಮಾಡದೆ ಬಂತು. ಅಕ್ಕಪಕ್ಕದವರು ಬಂದು ನೋಡಿ, ಬಾಗಿಲು ತೆಗೆದು ಮುಚ್ಚಿ, ಟಯರು ಒದ್ದು, ಈ ರೇಟಿನ ಕಾಲದಲ್ಲಿ ಇಂಥ ಗಾಡಿ ಎಲ್ಲಿ ಸಿಕ್ಕಿತವ್ವ ಎಂದರು. ಹಿಂದಿನ ಸೀಟು ಆಗಲೇ ಮಡಚಿತ್ತು. ಬಕ್ಕಪ್ಪನನ್ನು ಎತ್ತಿಕೊಂಡು ಹೋಗಿ ಒಮ್ಮೆ ಮಲಗಿಸಿ ನೋಡಿದರು. ಅಳತೆ ತೆಗೆದು ಮಾಡಿಸಿದಂತೆ ಹಿಡಿಸಿದ. ಹಾಲವ್ವ ಮೊದಲ ಸಲ ಮಗನ ಬೆನ್ನು ತಟ್ಟಿದಳು. ಬಂಗಾರದಂಥ ಕೆಲಸ ಮಾಡಿದೆ ಎಂದಳು.

ಬೆನ್ನು ತಟ್ಟಿದ ಕೈ ಕೆಳಗಿಳಿದಾಗ ಸೊಂಟದ ಗಂಟಿಗೆ ತಾಗಿತು. ತಡಕಿ ನೋಡಿದಳು. ಅವಳೇ ಹಾಕಿದ ಹೊಲಿಗೆ, ಒಂದು ಎಳೆಯೂ ಬಿಚ್ಚಿರಲಿಲ್ಲ. ಎರಡು ಲಕ್ಷವೂ ಒಳಗೇ ಇತ್ತು.

ಹಣ ಕೊಡಲಿಲ್ಲವೇನೋ ಎಂದು ಕೇಳಿದಳು. ಹಣ ಕೊಡು ಅಂತ ನೀನೆಲ್ಲಿ ಅಂದೆ ಎಂದ ಕೋಟ್ರೇಶಿ. ಅವನ ಬಲಗೈಗೆ ಆ ಮನುಷ್ಯನ ಟವಲು ಸುತ್ತಿತ್ತು. ಹಾಲವ್ವ ಅದನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ರಕ್ತವಿರಲಿಲ್ಲ. ಗಾಯವಿರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಅಲ್ಲಿಂದಾಚೆ ಅಂಗೈಯ ಅಂಚು ನುಣ್ಣಗೆ, ಹುಟ್ಟಿದಾಗಿನಿಂದ ಹಾಗೇ ಇದ್ದಂತೆ ತಿರುಗಿಕೊಂಡಿತ್ತು.

ಅವ್ವನ ಮುಖ ನೋಡಿ ಕೋಟ್ರೇಶಿಗೆ, ಹೆಚ್ಚಿಗೆ ಕೊಟ್ಟೆ ಎಂದುಕೊಂಡಳೇನೋ ಅನ್ನಿಸಿತು.

"ಅವನು ನಾಲ್ಕು ಕೊಡು ಅಂತ ಬಾಳ ಎಳೆದ ಅವ್ವ," ಎಂದ. "ನಾನು ಎರಡಕ್ಕೇ ಮುಗಿಸಿದೆ."