ಸುಡುಬಿಸಿಲಲ್ಲಿ ಹೊಂಗೆ ಯಾಕೆ ಹಸಿರು

ಆಗ ಭೂಮಿ ಹೊಸದು. ಎಷ್ಟು ಹೊಸದು ಅಂದರೆ, ಹೊಳೆಗಳಿಗೆ ಎತ್ತ ಹರಿಯಬೇಕು ಅಂತಲೇ ಇನ್ನೂ ಗೊತ್ತಿರಲಿಲ್ಲ. ಯಾವ ಮರವೂ ಎಲೆ ಉದುರಿಸುತ್ತಿರಲಿಲ್ಲ. ಹುಟ್ಟಿದ ಎಲೆ ಹುಟ್ಟಿದಲ್ಲೇ ಇರುತ್ತಿತ್ತು.

ಆ ಕಾಲದಲ್ಲಿ ಈರಕ್ಕ ಅಂತ ಒಬ್ಬಳು ಅಜ್ಜಿ ಇದ್ದಳು. ಅವಳ ಮನೆ ಹಿಂದೆ ಒಂದು ಹಾಳು ಜಾಗ. ಬೆಟ್ಟ ಕಟ್ಟಿ ಉಳಿದ ಕಲ್ಲು, ಊರವರ ಒಡೆದ ಮಡಕೆ, ಎಲ್ಲ ಅಲ್ಲೇ ಬಿದ್ದಿತ್ತು. ನಡುವೆ ಒಂದೇ ಒಂದು ಹೊಂಗೆ ಮರ. ಸುತ್ತ ಒಂದು ಹುಲ್ಲುಕಡ್ಡಿಯೂ ಇಲ್ಲ.

ಗಾಳಿಗೆ ಆ ಜಾಗದ ಮೇಲೆ ಕಣ್ಣು. "ಈರಕ್ಕ, ಮಳೆ ಬರೋದರೊಳಗೆ ಈ ನೆಲದ ಮೇಲೆ ಹಸಿರು ಕಾಣದಿದ್ದರೆ ಈ ಮಣ್ಣು ನನ್ನದು. ಹೊತ್ತುಕೊಂಡು ಹೋಗ್ತೀನಿ. ಆಮೇಲೆ ಹೊಂಗೇನೂ ನಿಲ್ಲಲ್ಲ, ನಿನ್ನ ಮನೇನೂ ನಿಲ್ಲಲ್ಲ" ಅಂದಿತು. ಹೇಳಿದ್ದನ್ನು ಮಾಡಿಯೇ ತೀರುವ ಗಾಳಿ ಅದು.

ಈರಕ್ಕನಿಗೆ ಭಯವಾಯಿತು. ತೋಟ ಮಾಡಬೇಕು, ಸರಿ. ದಿನಾ ಕೊಡ ಹೊತ್ತು ನೀರು ಹಾಕಲು ಸೊಂಟ ಒಪ್ಪಬೇಕಲ್ಲ. ಗಿಡಗಳನ್ನೇ ಹೋಗಿ ಕೇಳಿದಳು.

"ಬೆಳಗ್ಗೆ ಸಂಜೆ ನೀರು ಕೊಡ್ತೀಯಾ?" ಅಂದಿತು ಮಲ್ಲಿಗೆ.

"ನನ್ನ ಬುಡದಲ್ಲಿ ಸದಾ ತೇವ ಇರಬೇಕು" ಅಂದಿತು ಬಾಳೆ.

"ನಿಮ್ಮ ಚಾಕರಿ ನಾನು ಮಾಡಿದರೆ, ನನ್ನ ಚಾಕರಿ ಯಾರು ಮಾಡ್ತಾರೆ" ಅಂತ ಈರಕ್ಕ ಮುಂದೆ ಹೋದಳು.

ಬೇಲಿ ಪಕ್ಕ ತುಂಬೆ, ನಿತ್ಯಪುಷ್ಪ, ಲೋಳೆಸರ ನಿಂತಿದ್ದವು. "ನಮಗೆ ಚಾಕರಿ ಬೇಡಜ್ಜಿ. ಬೇರೂರುವ ತನಕ ಮಣ್ಣು ತಂಪಾಗಿದ್ದರೆ ಸಾಕು. ಆಮೇಲೆ ನಮ್ಮ ಪಾಡು ನಾವು ನೋಡ್ಕೋತೀವಿ" ಅಂದವು.

ಈರಕ್ಕ ಬಂದು ಮಣ್ಣಿಗೆ ಹೇಳಿದಳು. "ತಂಪಾಗಿರು ಅಂದರೆ ಹೇಗಿರಲಿ?" ಅಂತ ಮಣ್ಣು ಅತ್ತಿತು. "ಮೈ ಮೇಲೆ ತುಂಡು ಬಟ್ಟೆಯಿಲ್ಲ. ನೀನು ಹಾಕಿದ ನೀರನ್ನೆಲ್ಲ ಸೂರ್ಯ ಕುಡೀತಾನೆ."

ಹೊಂಗೆಗೆ ಇದು ಕೇಳಿಸಿತು. ತನ್ನ ಬುಡದ ಮಣ್ಣು ಅಳುತ್ತಿದ್ದರೆ ಯಾವ ಮರ ತಾನೇ ಸುಮ್ಮನಿರುತ್ತೆ? ಒಂದಿಷ್ಟು ಎಲೆ ಕಳಚಿ ಕೆಳಗೆ ಹಾಸಿತು. ಭೂಮಿಯ ಮೇಲೆ ಉದುರಿದ ಮೊದಲ ಎಲೆಗಳು ಅವೇ.

ಬೆಳಗಾಯಿತು. "ಇದೇನು ಕಸ" ಅಂತ ಈರಕ್ಕ ಪೊರಕೆ ತಂದು ಪರಪರ ಗುಡಿಸಿ, ಎಲೆಯನ್ನೆಲ್ಲ ಆಚೆ ಎಸೆದಳು.

ನಗಬೇಡಿ. ನಿಮ್ಮಮ್ಮನೂ ಬೆಳಗ್ಗೆ ಎದ್ದು ಮಾಡುವುದು ಅದನ್ನೇ. ಅಂಗಳದಲ್ಲಿ ಎಲೆ ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ.

ಹೊಂಗೆ ಮತ್ತೆ ಎಲೆ ಹಾಸಿತು. ಈರಕ್ಕ ಮತ್ತೆ ಗುಡಿಸಿದಳು. ಹೊಂಗೆ ಇನ್ನಷ್ಟು ಹಾಸಿತು. ಈರಕ್ಕ ಇನ್ನಷ್ಟು ಗುಡಿಸಿದಳು. ಗಾಳಿ ಬೇಲಿ ಮೇಲೆ ಕೂತು ನಗುತ್ತಿತ್ತು. ಅಷ್ಟರಲ್ಲಿ ಚಳಿ ಮುಗಿದು ಬಿಸಿಲು ಏರತೊಡಗಿತು.

ಹೊಂಗೆಗೆ ಸಿಟ್ಟು ಬಂತು. "ಮಲಗಿರೋ ಮಗುವಿನ ಮೈಯಿಂದ ಕಂಬಳಿ ಎಳೀತಾರಾ ಈರಕ್ಕ? ನಾನು ಮಣ್ಣಿಗೆ ಹೊದಿಸ್ತೀನಿ, ನೀನು ಕಸ ಅಂತ ಎಸೀತೀಯ." ಹೀಗಂದು, ಇದ್ದಬದ್ದ ಎಲೆಯನ್ನೆಲ್ಲ ಒಂದೇ ಸಲಕ್ಕೆ ಉದುರಿಸಿಬಿಟ್ಟಿತು. ಬೇಸಿಗೆ ಎದುರಿಗೆ ಬಂದಿರುವಾಗ ಮರ ಬೋಳಾಗಿ ನಿಂತಿತು. "ಇನ್ನು ನನ್ನ ಹತ್ತಿರ ಏನೂ ಇಲ್ಲ. ಇದನ್ನೂ ಗುಡಿಸಿದರೆ ಮಣ್ಣೂ ಹೋಯಿತು, ನಾನೂ ಹೋದೆ" ಅಂದಿತು.

ಈರಕ್ಕನಿಗೆ ನಾಚಿಕೆಯಾಯಿತು. ಅಳುವೂ ಬಂತು. ಕೈಯಲ್ಲಿದ್ದ ಪೊರಕೆಯ ಕಟ್ಟು ಬಿಚ್ಚಿ, ಕಡ್ಡಿಗಳನ್ನು ಎಲೆಗಳ ಮೇಲೇ ಹರಡಿದಳು.

ಗಾಳಿ ಬಿಡುತ್ತದೆಯೇ? "ಗುಡಿಸೋ ಕೆಲಸ ನಾನು ಮಾಡ್ತೀನಿ" ಅಂತ ನುಗ್ಗಿತು. ಈರಕ್ಕ ಸೆರಗು ಸಿಕ್ಕಿಸಿಕೊಂಡಳು. ಬಿದ್ದಿದ್ದ ಕಲ್ಲು, ಮಡಕೆ ಚೂರು, ಕೈಗೆ ಸಿಕ್ಕಿದ್ದನ್ನೆಲ್ಲ ಎಲೆಗಳ ಮೇಲೆ ಹೇರಿದಳು. ಗಾಳಿ ಎಳೆಯಿತು, ಎಲೆ ಏಳಲಿಲ್ಲ. ಗಾಳಿ ಊದಿತು, ಎಲೆ ಏಳಲಿಲ್ಲ. ಈರಕ್ಕ ಬೇಲಿಯ ಗಿಡಗಳನ್ನು ತಂದು ನೆಟ್ಟು, ಬುಡಕ್ಕೆ ನೀರು ಹಾಕಿದಳು. ಸೂರ್ಯ ಕುಡಿಯಲು ಬಗ್ಗಿದ. ಅವನ ಬಾಯಿಗೆ ಸಿಕ್ಕಿದ್ದು ಒಣಗಿದ ಎಲೆ.

ಕೆಳಗೆ ಎಲೆ ಮೆತ್ತಗಾಯಿತು, ಗೊಬ್ಬರವಾಯಿತು. ತುಂಬೆ ಬೇರೂರಿತು. ನಿತ್ಯಪುಷ್ಪ ಹೂ ಬಿಟ್ಟಿತು. ಲೋಳೆಸರ ಮರಿ ಹಾಕಿತು. ಹಾಳು ಜಾಗ ತೋಟವಾಯಿತು.

ಮಣ್ಣು ಉಪಕಾರ ಮರೆಯಲಿಲ್ಲ. ಆಳದಲ್ಲಿ ಉಳಿಸಿಕೊಂಡಿದ್ದ ತೇವವನ್ನೆಲ್ಲ ಹೊಂಗೆಯ ಬೇರಿಗೆ ಕೊಟ್ಟಿತು. ಊರ ಮರಗಳೆಲ್ಲ ಬಿಸಿಲಿಗೆ ಬಾಡಿ ನಿಂತಾಗ ಹೊಂಗೆ ಚಿಗುರಿತು. ಅಂಥಿಂಥ ಚಿಗುರಲ್ಲ, ನೋಡಿದವರು ನಿಂತು ನೋಡುವಂಥ ಹಸಿರು.

ಮಳೆಗೆ ಮುಂಚೆ ಗಾಳಿ ಮಣ್ಣು ಹೊರಲು ಬಂತು. ಹೊರಲು ಒಂದು ಚಿಟಿಕೆ ಧೂಳೂ ಇಲ್ಲ. ಹೊಂಗೆಯ ಹೊಸ ಎಲೆಗಳಲ್ಲಿ ಸಿಕ್ಕಿ, ನುಸುಳಿ, ಆಚೆ ಬರುವಷ್ಟರಲ್ಲಿ ಗಾಳಿಯ ಬಿಸಿಯೆಲ್ಲ ಇಳಿದುಹೋಗಿತ್ತು.

"ನೀನೇ ಗೆದ್ದೆ ಕಣೇ ಈರಕ್ಕ" ಅಂತ ತಣ್ಣಗೆ ಒಪ್ಪಿಕೊಂಡಿತು.

"ಗೆದ್ದಿದ್ದು ನಮ್ಮ ಹೊಂಗವ್ವ" ಅಂದಳು ಈರಕ್ಕ. ಊರೆಲ್ಲ ಗಿಡಕ್ಕೆ ನೀರು ಹೊರುವ ಹೊತ್ತಲ್ಲಿ ಅವಳು ನೆರಳಲ್ಲಿ ಕಾಲು ಚಾಚಿ ಕೂತಿದ್ದಳು.

ಅದಕ್ಕೇ ಕಣ್ರೋ, ಇವತ್ತಿಗೂ ಯುಗಾದಿಗೆ ಮುಂಚೆ ಹೊಂಗೆ ತನ್ನ ಎಲೆಯನ್ನೆಲ್ಲ ಬುಡಕ್ಕೆ ಹಾಸಿಬಿಡುತ್ತೆ, ರಸ್ತೆಯ ಟಾರು ಕರಗುವ ಬಿಸಿಲಲ್ಲಿ ಎಳೆ ಹಸಿರು ತೊಟ್ಟು ನಿಲ್ಲುತ್ತೆ, ಎಂಥ ಬಿಸಿಗಾಳಿಯೂ ಅದರ ನೆರಳಿಗೆ ಬಂದರೆ ತಣ್ಣಗಾಗುತ್ತೆ.