ಮೊದಲ ಕಟ್ಟೆಯ ತೀರ್ಪು

ಹೊಳೆದಂಡೆಯ ಆಶ್ರಮದಲ್ಲಿ ನ್ಯಾಯ ಹೇಳುವವರು ಮೂವರು. ಹೊಲಗದ್ದೆಯ ತಕರಾರು ಹಿರಿಯ ಶಿಷ್ಯನ ಕಟ್ಟೆಗೆ. ಹೊಡೆದಾಟ, ಕಳವು, ಕೇಡು ಕಿರಿಯ ಶಿಷ್ಯ ಕರಿಬಸವನ ಕಟ್ಟೆಗೆ. ಅವರ ತೀರ್ಪು ಒಪ್ಪದವರು ಮಾತ್ರ ಗುರುಗಳ ಬಳಿ ಹೋಗಬೇಕು.

ಒಂದು ಬೆಳಿಗ್ಗೆ ಕುಂಬಾರರ ಗಿರಿಯವ್ವ ನೇರವಾಗಿ ಗುರುಗಳ ಕಾಲಿಗೆ ಬಿದ್ದಳು.

“ಈರಭದ್ರಪ್ಪನ ಹಸು ಸತ್ತೈತ್ರಿ ಅಜ್ಜಾರ. ನನ್ನ ಗಂಡನೇ ವಿಷ ಹಾಕ್ಯಾನ ಅಂತಾರ. ಊರು ಬಿಡಸ್ತಾರಂತ. ನೀವೇ ಕಾಪಾಡಬೇಕು!”

“ಮೊದಲು ಕರಿಬಸವನ ಕಟ್ಟೆಗೆ ಹೋಗವ್ವ” ಎಂದು ಗುರುಗಳು ಮುಖ ತಿರುಗಿಸಿದರು.

ಅಲ್ಲೇ ಇದ್ದ ಕರಿಬಸವನಿಗೆ ಕೆಡುಕೆನಿಸಿತು. ಗುರುಗಳು ಅಳುವವಳನ್ನು ಎಬ್ಬಿಸಲೂ ಇಲ್ಲವಲ್ಲ!

ತನ್ನ ಕಟ್ಟೆಗೆ ಎಲ್ಲರನ್ನೂ ಕರೆಸಿ ವಿಚಾರಣೆಗೆ ಕೂತ.

“ಈರಭದ್ರಪ್ಪನ ಜೊತೆ ಜಗಳವಾಗಿತ್ತೇ?”

“ಆಗಿತ್ರಿ” ಎಂದ ಗಿರಿಯವ್ವನ ಗಂಡ ಮಾರಯ್ಯ.

“ಆಮೇಲೆ ಅವರ ಕೊಟ್ಟಿಗೆಗೆ ಹೋಗಿದ್ದೆಯಾ?”

“ಹೋಗಿದ್ದೆ. ರಾಜಿ ಆಗೋಣ ಅಂತ.”

ಯಾರೂ ನಂಬಲಿಲ್ಲ. ಕರಿಬಸವನೂ ನಂಬಲಿಲ್ಲ. ಹೊತ್ತು ಮುಳುಗುವುದರೊಳಗೆ ಮಾರಯ್ಯ ಊರು ಬಿಡಬೇಕೆಂದ.

ಗಿರಿಯವ್ವ ಮತ್ತೆ ಗುರುಗಳ ಬಳಿ ಓಡಿದಳು. ಈ ಸಲ ಅವರು ಅವಳನ್ನು ಹತ್ತಿರ ಕೂರಿಸಿಕೊಂಡು ಎಲ್ಲರನ್ನೂ ಕರೆಸಿದರು. ನಡೆದ ವಿಚಾರಣೆಯನ್ನು ಕರಿಬಸವನ ಬಾಯಿಂದಲೇ ಕೇಳಿದರು.

“ಮನುಷ್ಯನ ಬಗ್ಗೆ ಕೇಳಿದ್ದೀಯ. ಹಸುವಿನ ಸುದ್ದಿಯೇ ಎತ್ತಿಲ್ಲ” ಎಂದು ಈರಭದ್ರಪ್ಪನ ಕಡೆ ತಿರುಗಿದರು. “ಸಾಯುವ ಮುಂಚೆ ಎಲ್ಲಿ ಮೇಯ್ದಿತ್ತಪ್ಪ?”

“ನಮ್ಮ ಹೊಲದಾಗ್ರಿ. ಜೋಳ ಕೊಯ್ದಿದ್ವಿ...”

“ಕೂಳೆ ಚಿಗುರಿತ್ತೇ?”

ಕೊಯ್ದ ಜೋಳದ ಬುಡದಲ್ಲಿ ಒಡೆಯುವ ಎಳೆ ಚಿಗುರು ತಿಂದ ದನ ಬದುಕುವುದಿಲ್ಲವೆಂದು ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ?

“ಚಿಗುರಿತ್ರಿ” ಎಂದು ಈರಭದ್ರಪ್ಪ ತಲೆ ತಗ್ಗಿಸಿದ.

ಗುರುಗಳು ತೀರ್ಪನ್ನು ರದ್ದು ಮಾಡಿದರು.

ಎಲ್ಲರೂ ಹೋದ ಮೇಲೂ ಕರಿಬಸವ ಅಲ್ಲೇ ಉಳಿದ.

“ತಪ್ಪು ಮಾಡದವನನ್ನು ಬೀದಿಪಾಲು ಮಾಡುತ್ತಿದ್ದೆ ಗುರುಗಳೇ! ನಿಮಗೆ ಬೆಳಿಗ್ಗೆಯೇ ಗೊತ್ತಿತ್ತಲ್ಲವೇ? ಆಗಲೇ ಯಾಕೆ ಹೇಳಲಿಲ್ಲ?”

“ನನಗೇನು ಗೊತ್ತಿತ್ತು? ಅವರು ದಂಡೆಯ ಮೇಲೆ ಜಗಳವಾಡುವ ಹೊತ್ತಿಗೆ ನಾನು ಹೊಳೆಯಲ್ಲಿ ಮೀಯುತ್ತಿದ್ದೆ. ‘ನಿನ್ನ ಮನೆ ಹಾಳು ಮಾಡ್ತೀನಿ’ ಅಂತ ಮಾರಯ್ಯ ಕೂಗಿದ್ದು ನನ್ನ ಕಿವಿಗೇ ಬಿದ್ದಿತ್ತು. ವಿಷ ಹಾಕಿದವನು ಅವನೇ ಎಂದು ನಾನೂ ನಂಬಿದ್ದೆ.”



“ನೀವೂ?”

“ನಾನೂ. ಬೆಳಿಗ್ಗೆ ನಾನೇ ತೀರ್ಪು ಕೊಟ್ಟುಬಿಟ್ಟಿದ್ದರೆ, ಗಿರಿಯವ್ವ ಆಮೇಲೆ ಯಾರ ಹತ್ತಿರ ಓಡಬೇಕಿತ್ತು?”