ಅಜ್ಜಿ ಕೇಳಿದ ಫೋಟೊ

"ಮೇಷ್ಟ್ರೇ, ಮದುವೆಗೆ ಯಾವ ಲೆನ್ಸ್ ಸರಿ?" ಎಂದು ತಿಪ್ಪೇಶ ಕೇಳಿದ.

ಹಕ್ಕಿಗೆ ಯಾವುದು, ಹೂವಿಗೆ ಯಾವುದು, ಬೆಟ್ಟಕ್ಕೆ ಯಾವುದು ಎಂದು ಅವನು ಹಿಂದೆಯೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಫೋಟೊ ಮಾತ್ರ ಇನ್ನೂ ತೆಗೆದಿರಲಿಲ್ಲ. ಬರುವ ಸೋಮವಾರ ಅವನು ಒಪ್ಪಿಕೊಂಡ ಮೊದಲ ಮದುವೆ. ಸ್ಟುಡಿಯೊದ ಚಾಪೆಯ ಮೇಲೆ ಮೂರು ಲೆನ್ಸುಗಳನ್ನು ಸಾಲಾಗಿ ಇಟ್ಟು, ಲೆನ್ಸಿಲ್ಲದ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ರುದ್ರಮುನಿ ಮೇಷ್ಟ್ರು ಮೂವತ್ತು ವರ್ಷದಿಂದ ಆ ಊರಿನವರ ಫೋಟೊ ತೆಗೆಯುತ್ತಾ ಬಂದವರು. ಅವರು ಒಂದು ಕತೆ ಹೇಳಿದರು.

ಒಬ್ಬ ಫೋಟೊಗ್ರಾಫರ್ ಇದ್ದ. ಜೇಬಿನ ಫೋನು ಫೋಟೊ ತೆಗೆಯಲು ಕಲಿಯುವ ಮುಂಚಿನ ಕಾಲ. ಅವನಲ್ಲೂ ಮೂರು ಲೆನ್ಸುಗಳಿದ್ದವು. ಅಗಲದ ಲೆನ್ಸು ಇಡೀ ಮಂಟಪವನ್ನು ಹಿಡಿಯುತ್ತಿತ್ತು; ಅಂಚಿನಲ್ಲಿ ನಿಂತವರನ್ನು ಸ್ವಲ್ಪ ದಪ್ಪ ಮಾಡುತ್ತಿತ್ತು. ಉದ್ದದ ಲೆನ್ಸು ಛತ್ರದ ಕೊನೆಯಿಂದಲೇ ಕಣ್ಣಂಚಿನ ನೀರನ್ನು ಹಿಡಿಯುತ್ತಿತ್ತು. ಮೂರನೆಯದು ಅಂಗೈಯ ಮದರಂಗಿಯ ಒಂದೊಂದು ಎಳೆಯನ್ನೂ ತೋರಿಸುತ್ತಿತ್ತು. ಯಾವುದಕ್ಕೆ ಯಾವುದು ಎಂಬುದರಲ್ಲಿ ಅವನು ಎಂದೂ ತಪ್ಪಿದವನಲ್ಲ.

ಒಂದು ಮದುವೆಯಲ್ಲಿ ಹುಡುಗಿಯ ತಂದೆ ಅವನ ಕೈ ಹಿಡಿದುಕೊಂಡ. "ನಮ್ಮಮ್ಮ ಹಾಸಿಗೆ ಹಿಡಿದಿದ್ದಾಳೆ, ಬರೋಕಾಗಲಿಲ್ಲ. ತೆರೆ ಸರಿದು ಮೊಮ್ಮಗಳು ಗಂಡನ ಮುಖ ನೋಡ್ತಾಳಲ್ಲ, ಅದೊಂದನ್ನ ನೋಡಬೇಕಂತೆ. ಬೇರೆ ಏನು ಬಿಟ್ಟರೂ ಚಿಂತೆಯಿಲ್ಲಪ್ಪ."

ಫೋಟೊಗ್ರಾಫರ್ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡ.

ಹುಡುಗ ಹುಡುಗಿ ಒಬ್ಬರಿಗೊಬ್ಬರು ಕಾಣದಂತೆ ನಡುವೆ ತೆರೆ ಹಿಡಿದರು. ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಅವನು ಅಗಲದ ಲೆನ್ಸು ಹಾಕಿ ನೋಡಿದ. ಇಬ್ಬರೂ ಸಿಕ್ಕರು; ಜೊತೆಗೆ ನಾಲ್ವರು ಸೋದರಮಾವಂದಿರೂ, ವಾಲಗದವನ ಉಬ್ಬಿದ ಗಲ್ಲವೂ ಸಿಕ್ಕವು. ಇದಲ್ಲ ಎಂದು ಬಿಚ್ಚಿದ. ಉದ್ದದ್ದನ್ನು ಹಾಕಿದ. ಹುಡುಗಿಯ ಕಣ್ಣು ಚೆನ್ನಾಗಿ ಕಂಡಿತು, ಹುಡುಗ ಹೊರಗುಳಿದ. ನೋಟಕ್ಕೆ ಇಬ್ಬರು ಬೇಕಲ್ಲ, ಮತ್ತೆ ಅಗಲದ್ದನ್ನೇ ಹಾಕೋಣ ಎಂದು ಅದನ್ನೂ ಬಿಚ್ಚಿದ.

ವಾಲಗ ಜೋರಾಯಿತು. ತೆರೆ ಸರಿಯಿತು.

ಅವನ ಎಡಗೈಯಲ್ಲಿ ಒಂದು ಲೆನ್ಸು, ಬಲಗೈಯಲ್ಲಿ ಇನ್ನೊಂದು, ಕೊರಳಲ್ಲಿ ಬಾಯಿ ತೆರೆದ ಕ್ಯಾಮೆರಾ. ಆ ನೋಟವನ್ನು ಅವನು ಕಣ್ಣಾರೆ ಕಂಡ. ಬಹಳ ಚೆನ್ನಾಗಿತ್ತು.

"ಸ್ವಾಮಿ, ಇನ್ನೊಂದು ಸಲ ತೆರೆ ಹಿಡಿಸಿ," ಎಂದು ಪುರೋಹಿತರನ್ನು ಬೇಡಿಕೊಂಡ.

"ಹಿಡಿಸಬಹುದಪ್ಪ. ನೋಡಿದ್ದನ್ನ ನೋಡಿಲ್ಲ ಅನ್ನಿಸೋ ಮಂತ್ರ ನನಗೆ ಬರಲ್ಲ," ಎಂದರು ಅವರು.

ಆದರೂ ಹಿಡಿಸಿದರು. ಈ ಸಲ ಲೆನ್ಸು, ಬೆಳಕು, ದೂರ ಎಲ್ಲವೂ ಸರಿಯಿದ್ದವು. ಸೋದರಮಾವಂದಿರನ್ನೂ ಪಕ್ಕಕ್ಕೆ ನಿಲ್ಲಿಸಿದ್ದಾಯಿತು. ಫೋಟೊ ಸೊಗಸಾಗಿ ಬಂತು.

ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಲಕ್ಷಣವಾಗಿದ್ದಾರೆ ಕಣೋ. ಆದರೆ ಇಬ್ಬರೂ ಯಾರನ್ನ ನೋಡ್ತಿದ್ದಾರೆ?"

ಮಗ ಬಗ್ಗಿ ನೋಡಿದ; ಇಬ್ಬರ ಕಣ್ಣೂ ಕ್ಯಾಮೆರಾದ ಕಡೆಗಿದ್ದವು.

ಮೇಷ್ಟ್ರು ಕತೆ ನಿಲ್ಲಿಸಿದರು. ತಿಪ್ಪೇಶ ನೋಟ್‌ಬುಕ್ ತೆರೆದು ಪೆನ್ನು ಹಿಡಿದ.

"ಹಾಗಾದರೆ ಅವನಿಗೆ ಯಾವ ಲೆನ್ಸು ಆಗುತ್ತಿತ್ತು, ಮೇಷ್ಟ್ರೇ?"

"ಎರಡರಲ್ಲಿ ಯಾವುದಾದರೂ ಆಗುತ್ತಿತ್ತು, ಬಿಚ್ಚದೆ ಇದ್ದಿದ್ದರೆ."